ಎಂಬೆಡೆಡ್ ಕೋಡ್‌ನ ಸ್ಟ್ಯಾಟಿಕ್ ಅನಾಲಿಸಿಸ್: ಕಂಪೈಲರ್ ಹೊಂದಾಣಿಕೆಯ ಎರರ್ ಬಿಡಿಸುವ ಸಮಗ್ರ ಮಾರ್ಗದರ್ಶಿ

ಪಂಪ್‌ಸೆಟ್ ಸ್ಟಾರ್ಟರ್ ಆಗಲಿ, ಹೈಡ್ರಾಲಿಕ್ ಪವರ್ ಪ್ಯಾಕ್ ಆಗಲಿ, ಈಗ ಒಳಗೊಂದು ಮೈಕ್ರೋಕಂಟ್ರೋಲರ್ ಬೋರ್ಡ್ ಇರುವುದು ಸಾಮಾನ್ಯ. ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆ ಇಂಥ ಬೋರ್ಡ್‌ಗಳಿಗೆ ಸಿ ಭಾಷೆಯಲ್ಲಿ ಕೋಡ್ ಬರೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೋರ್ಡ್ ಒಮ್ಮೆ ಅಥಣಿಯ ಕಬ್ಬಿನ ಗದ್ದೆಗೋ ಇಂಡಿ ತಾಲೂಕಿನ ನಿಂಬೆ ತೋಟಕ್ಕೋ ಹೋದರೆ ಮುಗಿಯಿತು, ಅದನ್ನು ವಾಪಸ್ ತಂದು ಕೋಡ್ ಬದಲಿಸುವುದು ದೊಡ್ಡ ತಲೆನೋವು. ಹಾಗಾಗಿ ಕಳಿಸುವ ಮೊದಲೇ ಸ್ಟ್ಯಾಟಿಕ್ ಅನಾಲಿಸಿಸ್ ಮಾಡಬೇಕು. ಕೋಡನ್ನು ಓಡಿಸದೆ, ಬರೀ ಓದಿ ತಪ್ಪು ಹಿಡಿಯುವ ಕೆಲಸ ಅದು.

ಆದರೆ ಶುರು ಮಾಡಿದ ದಿನವೇ ಬಹಳ ಜನ ಕೈಬಿಡುತ್ತಾರೆ. ಹೊಸದಾಗಿ ಸೇರಿದ ಹುಡುಗನೊಬ್ಬ ಬಂದು ಹೇಳುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: "ಸರ್, ಟೂಲ್ ಹಾಕಿದ್ರ ಸಾವಿರಗಟ್ಟಲೆ ಎರರ್ ಬರಾಕತ್ತಾವ್ರೀ. ಕೋಡ್ ಕಂಪೈಲ್ ಅಂತೂ ಆಗತೈತ್ರೀ. ಈ ಟೂಲ್ ನಮ್ ಚಿಪ್ಪಿಗೆ ಆಗೂದಿಲ್ಲೇನ್ರೀ?"

"ಆಗತೈತಪಾ. ಮೊದಲನೇ ಎರರ್ ಏನೈತಿ, ಅದೊಂದು ಓದಿ ಹೇಳು."

ಈ ಮಾರ್ಗದರ್ಶಿಯ ಅರ್ಧ ವಿಷಯ ಆ ಉತ್ತರದಲ್ಲೇ ಇದೆ. ಇನ್ನರ್ಧ ಇನ್ನೂ ಮುಖ್ಯ: ಎರರ್ ಸಂಖ್ಯೆ ಸೊನ್ನೆ ಆಗುವುದು ನಮ್ಮ ಗುರಿಯಲ್ಲ. ಕಂಪೈಲರ್ ಕೋಡನ್ನು ಹೇಗೆ ಓದುತ್ತದೋ ಟೂಲ್ ಕೂಡ ಹಾಗೇ ಓದಬೇಕು, ಅದೇ ಗುರಿ. ಕೂಗಾಡುವ ಎರರ್‌ಗಿಂತ, ಸುಮ್ನೆ ತಪ್ಪಾಗಿ ಓದಿ "ಎಲ್ಲ ಸರಿ" ಅನ್ನುವ ಟೂಲ್ ಹೆಚ್ಚು ಅಪಾಯ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್, ಮ್ಯಾಕ್ರೋ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸ ಮುಖ್ಯವಾದ ಕಡೆ ಹೇಳಿದ್ದೇನೆ.

ಎರರ್ ಬರುವುದು ಯಾಕೆ?

ಸ್ಟ್ಯಾಟಿಕ್ ಅನಾಲಿಸಿಸ್ ಟೂಲ್ ನಿಮ್ಮ ಕಂಪೈಲರನ್ನು ಬಳಸುವುದಿಲ್ಲ. ಕೋಡ್ ಓದಲು ಅದಕ್ಕೆ ತನ್ನದೇ ಪಾರ್ಸರ್ ಇರುತ್ತದೆ. ಉಚಿತ ಟೂಲ್‌ಗಳಲ್ಲಿ ಕ್ಲ್ಯಾಂಗ್-ಟೈಡಿ, ಕ್ಲ್ಯಾಂಗ್ ಕಂಪೈಲರ್‌ನ ಪಾರ್ಸರ್ ಬಳಸುತ್ತದೆ. ಸಿಪಿಪಿಚೆಕ್ ತನ್ನದೇ ಬರೆದುಕೊಂಡಿದೆ. ನೀವು ಕೋಡ್ ಬರೆದದ್ದು ಕೀಲ್‌ಗೋ, ಐಎಆರ್‌ಗೋ, ಮೈಕ್ರೋಚಿಪ್‌ನ ಎಕ್ಸ್‌ಸಿ8ಗೋ ಆಗಿರುತ್ತದೆ. ಆ ಕಂಪೈಲರ್‌ಗಳು ಸಿ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲದ ಕೀವರ್ಡ್‌ಗಳನ್ನು ತಾವೇ ಸೇರಿಸಿಕೊಂಡಿವೆ. ಕೆಲವು ಮ್ಯಾಕ್ರೋಗಳನ್ನು ಕೇಳದೇ ಡಿಫೈನ್ ಮಾಡುತ್ತವೆ. ತಮ್ಮ ಹೆಡರ್ ಫೈಲ್‌ಗಳು ಎಲ್ಲಿವೆ ಅನ್ನುವುದು ಅವಕ್ಕೆ ಹುಟ್ಟಿನಿಂದಲೇ ಗೊತ್ತು. ಟೂಲ್‌ಗೆ ಇದ್ಯಾವುದೂ ಗೊತ್ತಿಲ್ಲ. ಗೊತ್ತು ಮಾಡಿಸುವುದು ನಮ್ಮ ಕೆಲಸ.

ಗೊತ್ತು ಮಾಡಿಸಬೇಕಾದದ್ದು ನಾಲ್ಕು: ಹೆಡರ್, ಮ್ಯಾಕ್ರೋ, ಕೀವರ್ಡ್, ಟೈಪ್‌ಗಳ ಸೈಜ್. ನಾಲ್ಕೂ ಇದೇ ಕ್ರಮದಲ್ಲಿ ಬಗೆಹರಿಯಬೇಕು. ಹೆಡರ್ ಸಿಗದೆ ಮ್ಯಾಕ್ರೋ ಸರಿಮಾಡಲು ಹೋದರೆ ಸುಮ್ಮನೆ ಗಂಟು ಹೆಚ್ಚುತ್ತದೆ.

ಹೆಜ್ಜೆ 1: ನಿಜವಾದ ಬಿಲ್ಡ್ ಕಮಾಂಡ್ ಕೈಗೆ ತೆಗೆದುಕೊಳ್ಳಿ

ಮೊದಲು ನಿಮ್ಮ ಅಸಲಿ ಕಂಪೈಲರ್‌ನಲ್ಲಿ ಕೋಡ್ ಶುದ್ಧವಾಗಿ ಬಿಲ್ಡ್ ಆಗುತ್ತಿದೆಯಾ ನೋಡಿ. ಅಲ್ಲೇ ಎರರ್ ಇದ್ದರೆ ಟೂಲ್ ಮುಟ್ಟಬೇಡಿ.

ಆಮೇಲೆ ಪ್ರತಿ ಫೈಲ್ ಯಾವ ಆಪ್ಶನ್‌ಗಳೊಂದಿಗೆ ಕಂಪೈಲ್ ಆಗುತ್ತಿದೆ ಅನ್ನುವುದನ್ನು ಬರೆದಿಟ್ಟುಕೊಳ್ಳಬೇಕು. ಇದಕ್ಕೆ ಕಂಪೈಲ್_ಕಮಾಂಡ್ಸ್ ಅನ್ನುವ ಜೇಸನ್ ಫೈಲ್ ಇದೆ. ಬಹುತೇಕ ಟೂಲ್‌ಗಳು ಅದನ್ನು ನೇರ ಓದುತ್ತವೆ. ಬಿಲ್ಡ್‌ಗೆ ಸಿಮೇಕ್ ಅನ್ನುವ ಟೂಲ್ ಬಳಸುತ್ತಿದ್ದರೆ ಸಿಮೇಕ್_ಎಕ್ಸ್‌ಪೋರ್ಟ್_ಕಂಪೈಲ್_ಕಮಾಂಡ್ಸ್ (ಪೂರ್ತಿ ದೊಡ್ಡಕ್ಷರ) ಅನ್ನು ಆನ್ ಮಾಡಿದರೆ ಸಾಕು. ಮೇಕ್‌ಫೈಲ್ ಅಥವಾ ನಿಂಜಾ ಜನರೇಟರ್ ಇದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಬರೀ ಮೇಕ್‌ಫೈಲ್ ಇದ್ದರೆ 'ಬೇರ್' ಅನ್ನುವ ಪುಟ್ಟ ಟೂಲ್ ಹಾಕಿಕೊಳ್ಳಿ. ಅದು ಬಿಲ್ಡ್ ನಡೆಯುವಾಗ ಪಕ್ಕದಲ್ಲಿ ನಿಂತು ಕಮಾಂಡ್‌ಗಳನ್ನು ಬರೆದುಕೊಳ್ಳುತ್ತದೆ. ಬೇರ್ ಓಡಿಸುವ ಮೊದಲು ಕ್ಲೀನ್ ಮಾಡುವುದು ಮರೆಯಬೇಡಿ. ಇಲ್ಲದಿದ್ದರೆ ಆ ಸಲ ಕಂಪೈಲ್ ಆದ ಫೈಲ್‌ಗಳಷ್ಟೇ ಪಟ್ಟಿಗೆ ಬರುತ್ತವೆ.

ಕೀಲ್ ಯುವಿಷನ್‌ನಲ್ಲಿ ಪ್ರಾಜೆಕ್ಟ್ ಆಪ್ಶನ್ಸ್ ತೆರೆದು ಸಿ ಟ್ಯಾಬ್‌ಗೆ ಹೋದರೆ ಕೆಳಗೆ 'ಕಂಪೈಲರ್ ಕಂಟ್ರೋಲ್ ಸ್ಟ್ರಿಂಗ್' ಅಂತ ಒಂದು ಬಾಕ್ಸ್ ಇರುತ್ತದೆ. ಪೂರ್ತಿ ಕಮಾಂಡ್ ಅಲ್ಲೇ ಇದೆ, ಕಾಪಿ ಮಾಡಿಕೊಳ್ಳಿ. ಐಎಆರ್‌ನಲ್ಲಿ ಬಿಲ್ಡ್ ಮೆಸೇಜ್ ಮಟ್ಟವನ್ನು 'ಆಲ್' ಮಾಡಿದರೆ ಕಮಾಂಡ್ ಲೈನ್ ಕಾಣಿಸುತ್ತದೆ.

ಕಂಪೈಲರ್ ವರ್ಷನ್ ಕೂಡ ಬರೆದಿಡಿ. ಕೀಲ್‌ನಲ್ಲಿ ಆರ್ಮ್ ಕಂಪೈಲರ್ 5 ಮತ್ತು 6 ಹೆಸರಿಗೆ ಅಣ್ಣತಮ್ಮ, ಆದರೆ ಒಳಗೆ ಪೂರ್ತಿ ಬೇರೆ. 5 ಹಳೆಯ ಆರ್ಮ್‌ಸಿಸಿ. 6 ಕ್ಲ್ಯಾಂಗ್ ಮೇಲೆ ಕಟ್ಟಿದ್ದು. ನಿಮ್ಮದು 6 ಆಗಿದ್ದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ಹೆಜ್ಜೆ 2: ಹೆಡರ್ ದಾರಿ ತೋರಿಸಿ

"ಸ್ಟಡ್‌ಇಂಟ್.ಎಚ್ ಸಿಗಲಿಲ್ಲ" ಅಂತ ಮೊದಲ ಸಾಲು ಬಂದಿದ್ದರೆ, ಕೆಳಗಿನ ಸಾವಿರ ಎರರ್ ಓದಬೇಡಿ. ಆ ಹೆಡರ್ ಸಿಗದೇ ಇದ್ದಾಗ ಯುಇಂಟ್8_ಟಿ ಅನ್ನುವ ಟೈಪ್ ಗೊತ್ತಾಗುವುದಿಲ್ಲ. ಟೈಪ್ ಗೊತ್ತಿಲ್ಲದಿದ್ದರೆ ಅದನ್ನು ಬಳಸಿದ ಪ್ರತಿ ಸಾಲೂ ಎರರ್. ಒಂದನ್ನು ಸರಿಮಾಡಿದರೆ ಉಳಿದವು ತಾವಾಗಿಯೇ ಹೋಗುತ್ತವೆ.

ಜಿಸಿಸಿ ಕಂಪೈಲರ್ ತನ್ನ ಹೆಡರ್‌ಗಳನ್ನು ಎಲ್ಲಿ ಹುಡುಕುತ್ತದೆ ಅಂತ ಅದನ್ನೇ ಕೇಳಬಹುದು. ದೊಡ್ಡಕ್ಷರದ -ಇ, ಸಣ್ಣಕ್ಷರದ -ವಿ, ಜೊತೆಗೆ -ಎಕ್ಸ್ ಸಿ ಕೊಟ್ಟು ಖಾಲಿ ಫೈಲ್ ಒಂದನ್ನು ಕೊಡಿ. 'ಸರ್ಚ್ ಸ್ಟಾರ್ಟ್ಸ್ ಹಿಯರ್' ಅನ್ನುವ ಸಾಲಿನ ಕೆಳಗೆ ಫೋಲ್ಡರ್‌ಗಳ ಪಟ್ಟಿ ಬರುತ್ತದೆ. ನಿಮ್ಮ ಪ್ರಾಜೆಕ್ಟ್‌ನ -ಎಂಸಿಪಿಯು ಮುಂತಾದ ಆಪ್ಶನ್‌ಗಳನ್ನೂ ಜೊತೆಗೆ ಕೊಡಿ. ಕಾರ್ಟೆಕ್ಸ್ ಎಂ0 ಬೇರೆ, ಎಂ4 ಬೇರೆ. ಫೋಲ್ಡರ್ ಬದಲಾಗಬಹುದು.

ಈಗ ಟೂಲ್‌ಗೆ ಈ ದಾರಿ ಕೊಡುವುದು. ಇಲ್ಲಿ ಎರಡು ಟೂಲ್‌ಗಳ ಸ್ವಭಾವ ಬೇರೆ ಬೇರೆ.

ಸಿಪಿಪಿಚೆಕ್‌ಗೆ ಸ್ಟ್ಯಾಂಡರ್ಡ್ ಲೈಬ್ರರಿಯ ಹೆಡರ್ ಬೇಕಾಗಿಲ್ಲ. ಸ್ಟ್ಯಾಂಡರ್ಡ್ ಫಂಕ್ಷನ್‌ಗಳ ವಿವರವನ್ನು ಅದು ತನ್ನ ಕಾನ್ಫಿಗರೇಶನ್ ಫೈಲ್‌ನಲ್ಲೇ ಇಟ್ಟುಕೊಂಡಿದೆ. ನಿಮ್ಮ ಪ್ರಾಜೆಕ್ಟ್ ಹೆಡರ್‌ಗಳನ್ನು ಮಾತ್ರ ದೊಡ್ಡಕ್ಷರದ -ಐ ಜೊತೆ ಕೊಡಿ. ಏನೇನು ಸಿಗುತ್ತಿಲ್ಲ ಅಂತ ತಿಳಿಯಲು --ಚೆಕ್-ಕಾನ್ಫಿಗ್ ಹಾಕಿ ಒಮ್ಮೆ ಓಡಿಸಿ.

ಕ್ಲ್ಯಾಂಗ್-ಟೈಡಿಗೆ ಎಲ್ಲವೂ ಬೇಕು. ಚಿಪ್ ಯಾವುದು ಅನ್ನುವುದನ್ನು --ಟಾರ್ಗೆಟ್ ಮೂಲಕ ಹೇಳಿ, ನ್ಯೂಲಿಬ್ (ಜಿಸಿಸಿ ಜೊತೆ ಬಳಸುವ ಸಿ ಲೈಬ್ರರಿ) ಹೆಡರ್ ಇರುವ ಫೋಲ್ಡರನ್ನು -ಐಸಿಸ್ಟಮ್ ಆಗಿ ಕೊಡಿ. ಆದರೆ ಜಿಸಿಸಿಯ ಸ್ವಂತ ಒಳಗಿನ ಹೆಡರ್ ಫೋಲ್ಡರ್ ಇದೆಯಲ್ಲ, ಆರ್ಮ್_ನಿಯಾನ್.ಎಚ್ ಥರದವು ಇರುವುದು, ಅದನ್ನು ಕೊಡಬೇಡಿ. ಅದರೊಳಗೆ ಜಿಸಿಸಿಗೆ ಮಾತ್ರ ಅರ್ಥವಾಗುವ ಬಿಲ್ಟ್‌ಇನ್‌ಗಳಿವೆ. ಕ್ಲ್ಯಾಂಗ್‌ಗೆ ಅದರದೇ ಸೆಟ್ ಇದೆ. ಸ್ಟಡ್‌ಡೆಫ್.ಎಚ್ ಸಿಗುತ್ತಿಲ್ಲ ಅಂತ ಬಂದರೆ, ಬಹುಶಃ ಕ್ಲ್ಯಾಂಗ್-ಟೈಡಿ ಬೈನರಿ ಒಂದನ್ನೇ ಕಾಪಿ ಮಾಡಿಕೊಂಡಿದ್ದೀರಿ, ಜೊತೆಯ ಹೆಡರ್ ಫೋಲ್ಡರ್ ಬಂದಿಲ್ಲ.

ಇಲ್ಲೇ ಇನ್ನೊಂದು ಎರರ್ ಕಾಣುತ್ತದೆ: 'ಅನ್‌ನೋನ್ ಆರ್ಗ್ಯುಮೆಂಟ್'. ಕಂಪೈಲ್_ಕಮಾಂಡ್ಸ್ ಫೈಲ್‌ನಲ್ಲಿ ಜಿಸಿಸಿಗೆ ಮಾತ್ರ ಗೊತ್ತಿರುವ ಆಪ್ಶನ್ ಇದ್ದರೆ ಕ್ಲ್ಯಾಂಗ್ ಮುಂದೆ ಹೋಗುವುದಿಲ್ಲ. ಅಂಥವನ್ನು ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್‌ನಿಂದ ತೆಗೆದು, ಅನಾಲಿಸಿಸ್‌ಗೆ ಬೇರೆ ಪ್ರತಿ ಇಟ್ಟುಕೊಳ್ಳಿ. ತೆಗೆಯುವಾಗ ಯೋಚಿಸಿ. ಆಪ್ಟಿಮೈಸೇಶನ್, ಲಿಂಕರ್‌ಗೆ ಸಂಬಂಧಿಸಿದ ಆಪ್ಶನ್ ಹೋದರೆ ನಷ್ಟವಿಲ್ಲ. ಟೈಪ್‌ನ ಅಳತೆ ಅಥವಾ ಸೈನ್ಡ್-ಅನ್‌ಸೈನ್ಡ್ ಗುಣ ಬದಲಿಸುವ -ಎಫ್‌ಶಾರ್ಟ್-ಎನಮ್ಸ್, -ಎಫ್‌ಅನ್‌ಸೈನ್ಡ್-ಚಾರ್ ಥರದವು ಉಳಿಯಲೇಬೇಕು.

ಹೆಜ್ಜೆ 3: ಕಂಪೈಲರ್ ಗುಟ್ಟಾಗಿ ಇಟ್ಟ ಮ್ಯಾಕ್ರೋಗಳು

ಆರ್ಮ್ ಚಿಪ್ ಮೇಲೆ ಕೆಲಸ ಮಾಡುವವರೆಲ್ಲ ಒಮ್ಮೆಯಾದರೂ ನೋಡುವ ಎರರ್ ಇದು: 'ಅನ್‌ನೋನ್ ಕಂಪೈಲರ್'. ಸಿಎಮ್‌ಸಿಸ್, ಅಂದರೆ ಆರ್ಮ್ ಕಂಪನಿಯೇ ಕೊಡುವ ಹೆಡರ್‌ಗಳ ಕಟ್ಟು, ಅದರ ಒಂದು ಹೆಡರ್‌ನಿಂದ ಬರುತ್ತದೆ. ಆ ಫೈಲ್ ತೆರೆದು ನೋಡಿ, ಬಹಳ ಕಲಿಯುವುದಿದೆ. ಸಿಎಮ್‌ಸಿಸ್ 5ರಲ್ಲಿ ಅದು ಮೊದಲು __ಸಿಸಿ_ಆರ್ಮ್ ಇದೆಯಾ ಕೇಳುತ್ತದೆ, ಇದ್ದರೆ ಆರ್ಮ್‌ಸಿಸಿ 5. ಇಲ್ಲದಿದ್ದರೆ __ಆರ್ಮ್‌ಸಿಸಿ_ವರ್ಷನ್ 6ರ ಮೇಲಿನದ್ದಾ ಕೇಳುತ್ತದೆ. ಆಮೇಲೆ __ಜಿಎನ್‌ಯುಸಿ__, ಆಮೇಲೆ ಐಎಆರ್‌ನ __ಐಸಿಸಿಆರ್ಮ್__. ಯಾವುದೂ ಇಲ್ಲ ಅಂದರೆ ಕೈಚೆಲ್ಲಿ ಎರರ್ ಕೊಡುತ್ತದೆ. ಈ ಕ್ರಮಕ್ಕೂ ಕಾರಣ ಇದೆ. ಆರ್ಮ್ ಕಂಪೈಲರ್ 6 ಕ್ಲ್ಯಾಂಗ್‌ನಿಂದ ಬಂದದ್ದು, ಅದೂ __ಜಿಎನ್‌ಯುಸಿ__ ಡಿಫೈನ್ ಮಾಡುತ್ತದೆ. ಅದಕ್ಕೇ ಅದನ್ನು ಜಿಸಿಸಿಗಿಂತ ಮೊದಲು ಕೇಳಬೇಕು.

ಹಾಗಾದರೆ ಟೂಲ್‌ಗೆ ಯಾವ ಮ್ಯಾಕ್ರೋ ಕೊಡಬೇಕು? ನೀವು ಕೀಲ್‌ನಲ್ಲಿ ಆರ್ಮ್ ಕಂಪೈಲರ್ 5 ಬಳಸುತ್ತಿದ್ದರೆ __ಸಿಸಿ_ಆರ್ಮ್ ಕೊಡಬೇಕು ಅಂತ ಅನಿಸುತ್ತದೆ, ಅಲ್ವಾ? ಹೆಸರಿಗೆ ಅದೇ ಸರಿ. ಆದರೆ ಕೊಟ್ಟ ತಕ್ಷಣ ಆರ್ಮ್‌ಸಿಸಿಯ ಹೆಡರ್ ಒಳಗೆ ಬರುತ್ತದೆ. ಅದರಲ್ಲಿ ಆರ್ಮ್‌ಸಿಸಿಗೆ ಮಾತ್ರ ತಿಳಿಯುವ ಅಸೆಂಬ್ಲಿ ಬರಹ, ರಿಜಿಸ್ಟರ್ ವೇರಿಯಬಲ್ ಇವೆ. ಹೊಸ ಎರರ್‌ಗಳ ರಾಶಿ ಬೀಳುತ್ತದೆ. ನನ್ನ ಸಲಹೆ: ಟೂಲ್ ಕ್ಲ್ಯಾಂಗ್ ಮೇಲೆ ನಿಂತಿದ್ದರೆ ಚಿಪ್ ಕಂಪನಿಯ ಹೆಡರ್‌ಗಳಲ್ಲಿ ಜಿಸಿಸಿ ದಾರಿಯನ್ನೇ ಹಿಡಿಯಿರಿ. ಸಿಎಮ್‌ಸಿಸ್ ಫಂಕ್ಷನ್‌ಗಳ ಹೆಸರು, ಅರ್ಥ ಎಲ್ಲ ಕಂಪೈಲರ್‌ಗೂ ಒಂದೇ. ಆದರೆ ನಿಮ್ಮ ಸ್ವಂತ ಕೋಡ್‌ನಲ್ಲಿ ಎಲ್ಲಾದರೂ __ಸಿಸಿ_ಆರ್ಮ್ ನೋಡಿ ದಾರಿ ಬದಲಿಸುವ ಸಾಲುಗಳಿವೆಯಾ ಅಂತ ಹುಡುಕಿ. ಇದ್ದರೆ ಟೂಲ್ ಓದುವುದು ಒಂದು ಕೋಡ್, ಬೋರ್ಡ್‌ನಲ್ಲಿ ಓಡುವುದು ಇನ್ನೊಂದು ಕೋಡ್ ಆಗುತ್ತದೆ. ಆ ಸಾಲುಗಳನ್ನು ಒಂದೇ ಹೆಡರ್‌ಗೆ ಸಾಗಿಸಿ ಕಣ್ಣಿಂದಲೇ ಓದಿ ಪರಿಶೀಲಿಸಿ.

ಕಂಪೈಲರ್ ಡಿಫೈನ್ ಮಾಡುವ ಮ್ಯಾಕ್ರೋಗಳ ಪೂರ್ತಿ ಪಟ್ಟಿ ಬೇಕಾದರೆ ಜಿಸಿಸಿ ಮತ್ತು ಆರ್ಮ್ ಕಂಪೈಲರ್ 6ಕ್ಕೆ -ಡಿಎಂ -ಇ ಕೊಡಿ. ಇದರಲ್ಲಿ ಡಿ ಸಣ್ಣದು, ಎಂ ಮತ್ತು ಇ ದೊಡ್ಡವು. ಆರ್ಮ್‌ಸಿಸಿಗೆ --ಲಿಸ್ಟ್_ಮ್ಯಾಕ್ರೋಸ್. ಐಎಆರ್‌ಗೆ --ಪ್ರೀಡೆಫ್_ಮ್ಯಾಕ್ರೋಸ್ ಜೊತೆ ಒಂದು ಫೈಲ್ ಹೆಸರು. ಸಿಪಿಪಿಚೆಕ್‌ಗೆ ಈ ಪಟ್ಟಿಯನ್ನು --ಇನ್‌ಕ್ಲೂಡ್ ಮೂಲಕ ಹಾಗೇ ಕೊಡಬಹುದು. ಕ್ಲ್ಯಾಂಗ್‌ಗೆ ಪೂರ್ತಿ ಪಟ್ಟಿ ಸುರಿಯಬೇಡಿ. ಅದಕ್ಕೆ ತನ್ನದೇ ಮ್ಯಾಕ್ರೋಗಳಿವೆ, ಜಗಳ ಶುರುವಾಗುತ್ತದೆ. ಇಲ್ಲದ್ದನ್ನು ಮಾತ್ರ ಸೇರಿಸಿ.

ಸಿಪಿಪಿಚೆಕ್‌ನ ಒಂದು ಗುಣ ಗೊತ್ತಿರಲಿ. ಕೋಡ್‌ನಲ್ಲಿ ಇಫ್‌ಡೆಫ್‌ಗಳಿದ್ದರೆ ಅದು ಬೇರೆ ಬೇರೆ ಜೋಡಣೆಗಳನ್ನು ತಾನೇ ಪ್ರಯತ್ನಿಸುತ್ತದೆ, ಒಂದು ಫೈಲ್‌ಗೆ 12ರವರೆಗೆ. ನೀವು ದೊಡ್ಡಕ್ಷರದ -ಡಿ ಕೊಟ್ಟು ಮ್ಯಾಕ್ರೋ ಡಿಫೈನ್ ಮಾಡಿದ ಕೂಡಲೇ ಆ ಒಂದು ಜೋಡಣೆಗೆ ಸೀಮಿತವಾಗುತ್ತದೆ. ಸಿಂಗಲ್ ಫೇಸ್ ಬೋರ್ಡ್, ತ್ರೀ ಫೇಸ್ ಬೋರ್ಡ್ ಎರಡಕ್ಕೂ ಒಂದೇ ಕೋಡ್ ಇದ್ದರೆ, ಎರಡಕ್ಕೂ ಬೇರೆ ಬೇರೆಯಾಗಿ ಓಡಿಸಿ.

ಹೆಜ್ಜೆ 4: ಕಂಪೈಲರ್‌ನ ಸ್ವಂತ ಕೀವರ್ಡ್‌ಗಳು

ವಿಟಿಯು ಲ್ಯಾಬ್‌ನಲ್ಲಿ 8051 ಚಿಪ್ ಮೇಲೆ ಕೈ ಆಡಿಸಿದವರಿಗೆ ಎಸ್‌ಬಿಟ್, ಎಸ್‌ಎಫ್‌ಆರ್, ಎಕ್ಸ್‌ಡೇಟಾ ಎಲ್ಲ ನೆನಪಿರುತ್ತವೆ. ಕೀಲ್ ಸಿ51ಕ್ಕೆ ಅವು ಕೀವರ್ಡ್. ಬೇರೆ ಟೂಲ್‌ಗಳಿಗೆ ಅರ್ಥವಿಲ್ಲದ ಪದ. ಪರಿಹಾರ ಅಂತ ಎಲ್ಲರೂ ಹೇಳುವುದು ಒಂದು ಸ್ಟಬ್ ಹೆಡರ್ (ಅನಾಲಿಸಿಸ್‌ಗಾಗಿ ಮಾತ್ರ ಇರುವ ನಕಲಿ ಹೆಡರ್) ಬರೆಯುವುದು. ಅದರಲ್ಲಿ ಈ ಪದಗಳನ್ನು ಖಾಲಿ ಮ್ಯಾಕ್ರೋ ಮಾಡಿ, ಕ್ಲ್ಯಾಂಗ್‌ಗೆ -ಇನ್‌ಕ್ಲೂಡ್, ಸಿಪಿಪಿಚೆಕ್‌ಗೆ --ಇನ್‌ಕ್ಲೂಡ್ ಮೂಲಕ ಪ್ರತಿ ಫೈಲ್‌ನ ತಲೆಗೆ ಅಂಟಿಸುವುದು. ಎಕ್ಸ್‌ಡೇಟಾ, ಐಡೇಟಾ, ಐಎಆರ್‌ನ __ನೋ_ಇನಿಟ್ ಇವಕ್ಕೆ ಇದು ಸರಿಯಾಗಿ ಕೂರುತ್ತದೆ.

ಎಲ್ಲಕ್ಕೂ ಕೂರುವುದಿಲ್ಲ. 8051ರ ಇಂಟರಪ್ಟ್ ಫಂಕ್ಷನ್ ನೋಡಿ. ಫಂಕ್ಷನ್ ಹೆಸರಾದ ಮೇಲೆ 'ಇಂಟರಪ್ಟ್ 1 ಯೂಸಿಂಗ್ 2' ಅಂತ ಬರೆಯುತ್ತೇವೆ. ಇಂಟರಪ್ಟ್, ಯೂಸಿಂಗ್ ಎರಡನ್ನೂ ಖಾಲಿ ಮಾಡಿದರೆ 1 ಮತ್ತು 2 ಅಲ್ಲೇ ಉಳಿಯುತ್ತವೆ. ಮತ್ತೆ ಸಿಂಟ್ಯಾಕ್ಸ್ ಎರರ್. ಐಎಆರ್‌ನಲ್ಲಿ ವೇರಿಯಬಲ್‌ಗೆ ವಿಳಾಸ ಕೊಡಲು ಬರೆಯುವ '@' ಕೂಡ ಹೀಗೇ. '@' ಒಂದು ಪದವಲ್ಲ, ಮ್ಯಾಕ್ರೋ ಮಾಡಲು ಬರುವುದಿಲ್ಲ.

ಇಲ್ಲಿ ಕೋಡನ್ನೇ ಸ್ವಲ್ಪ ಮುಟ್ಟಬೇಕು. ಪ್ರಾಜೆಕ್ಟ್‌ಗೆ ಒಂದು 'ಕಂಪೈಲರ್ ಹೆಡರ್' ಮಾಡಿ. ಅದರಲ್ಲಿ ಹೆಸರು, ವೆಕ್ಟರ್ ನಂಬರ್, ಬ್ಯಾಂಕ್ ನಂಬರ್ ಮೂರನ್ನೂ ತೆಗೆದುಕೊಳ್ಳುವ ಒಂದು ಐಎಸ್‌ಆರ್ (ಇಂಟರಪ್ಟ್ ಫಂಕ್ಷನ್) ಮ್ಯಾಕ್ರೋ ಇರಲಿ. ಕೀಲ್‌ನಲ್ಲಿ ಅದು ಪೂರ್ತಿ ಬರಹವಾಗಿ ಬಿಡಿಸಿಕೊಳ್ಳುತ್ತದೆ. ಅನಾಲಿಸಿಸ್‌ನಲ್ಲಿ ಬರೀ ಸಾದಾ ಫಂಕ್ಷನ್ ಆಗುತ್ತದೆ. ವಿಳಾಸಕ್ಕೂ ಅಂಥದ್ದೇ ಮ್ಯಾಕ್ರೋ. ಎಸ್‌ಡಿಸಿಸಿ ಕಂಪೈಲರ್ ಜೊತೆ ಇದೇ ಉದ್ದೇಶಕ್ಕೆ ಒಂದು ಹೆಡರ್ ಬರುತ್ತದೆ. ಎಸ್‌ಎಫ್‌ಆರ್, ಎಸ್‌ಬಿಟ್, ಇಂಟರಪ್ಟ್ ಮೂರಕ್ಕೂ ಮ್ಯಾಕ್ರೋ ಅದರಲ್ಲಿವೆ. ಅದನ್ನು ನೋಡಿ ನಿಮ್ಮದು ಬರೆದುಕೊಳ್ಳಬಹುದು. ಯಾವ ದಾರಿ ಅನ್ನುವುದನ್ನು ಆರಿಸಲು ಟೂಲ್‌ನ ಹೆಸರು ಬಳಸಬೇಡಿ. ನಿಮ್ಮದೇ ಒಂದು ಮ್ಯಾಕ್ರೋ ಇಟ್ಟುಕೊಳ್ಳಿ. ನಾಳೆ ಟೂಲ್ ಬದಲಾದರೂ ಕೋಡ್ ಬದಲಾಗುವುದಿಲ್ಲ.

ಕಂಪೈಲರ್ ಕೊಡುವ ರಿಜಿಸ್ಟರ್ ಹೆಡರ್‌ಗೆ ಬೇರೆ ಉಪಾಯ. ಅದೇ ಹೆಸರಿನ ಸ್ಟಬ್ ಫೈಲ್ ಒಂದನ್ನು ಬೇರೆ ಫೋಲ್ಡರ್‌ನಲ್ಲಿಟ್ಟು, ಆ ಫೋಲ್ಡರ್ ಮೊದಲು ಸಿಗುವ ಹಾಗೆ ದಾರಿ ಕೊಡಿ. ಪ್ರತಿ ರಿಜಿಸ್ಟರನ್ನೂ ಎಕ್ಸ್‌ಟರ್ನ್ ವೊಲಟೈಲ್ ಅನ್‌ಸೈನ್ಡ್ ಚಾರ್ ಅಂತ ಬರೆಯಿರಿ.

ಆ 'ವೊಲಟೈಲ್' ಪದ ಬಿಡಲೇಬೇಡಿ. ಬಿಟ್ಟರೆ ಏನಾಗುತ್ತದೆ ಗೊತ್ತಾ? ಎಡಿಸಿ (ಅನಲಾಗ್ ಸಿಗ್ನಲನ್ನು ಅಂಕಿ ಮಾಡುವ ಭಾಗ) ತನ್ನ ಕೆಲಸ ಮುಗಿಸುವವರೆಗೆ ಕಾಯುವ ವೈಲ್ ಲೂಪ್ ನಿಮ್ಮ ಕೋಡ್‌ನಲ್ಲಿ ಇರುತ್ತದೆ. ಲೂಪ್ ಒಳಗೆ ಯಾರೂ ಆ ರಿಜಿಸ್ಟರನ್ನು ಬದಲಿಸುತ್ತಿಲ್ಲ. ವೊಲಟೈಲ್ ಇಲ್ಲದಿದ್ದರೆ ಟೂಲ್ ಇದನ್ನು ಮುಗಿಯದ ಲೂಪ್ ಅಂತ ತೀರ್ಮಾನಿಸಬಹುದು. ಆಗ ಅದರ ಕೆಳಗಿನ ಕೋಡ್‌ಗೆ ಯಾರೂ ತಲುಪುವುದೇ ಇಲ್ಲ ಅಂತ ಅದರ ಲೆಕ್ಕ. ಅಲ್ಲಿನ ತಪ್ಪುಗಳನ್ನು ಅದು ನೋಡುವುದೂ ಇಲ್ಲ.

__ಆಟ್ರಿಬ್ಯೂಟ್__ ವಿಷಯದಲ್ಲೂ ಇದೇ ಎಚ್ಚರ. ಕಾಟ ತಾಳದೆ ಅದನ್ನು ಪೂರ್ತಿ ಖಾಲಿ ಮ್ಯಾಕ್ರೋ ಮಾಡಿಬಿಡುವ ಅಭ್ಯಾಸ ಇದೆ. ಆಗ 'ಪ್ಯಾಕ್ಡ್' ಹೋಗುತ್ತದೆ, ಸ್ಟ್ರಕ್ಟ್‌ನ ಅಳತೆ ಬದಲಾಗುತ್ತದೆ, ಮಾಡ್‌ಬಸ್ (ಯಂತ್ರಗಳ ನಡುವಿನ ಸಂವಹನದ ರೀತಿ) ಫ್ರೇಮ್ ಕಾಪಿ ಮಾಡುವ ಕಡೆ ಸುಳ್ಳು ಎಚ್ಚರಿಕೆ ಬರುತ್ತದೆ. 'ನೋರಿಟರ್ನ್' ಹೋದರೆ ಫಾಲ್ಟ್ ಹ್ಯಾಂಡ್ಲರ್ ಕರೆದ ಮೇಲೂ ಕೋಡ್ ಮುಂದುವರಿಯುತ್ತದೆ ಅಂದುಕೊಂಡು ನಲ್ ಪಾಯಿಂಟರ್ ಎಚ್ಚರಿಕೆಗಳನ್ನು ಸುರಿಯುತ್ತದೆ. ಕ್ಲ್ಯಾಂಗ್‌ಗೆ ಈ ಎರಡೂ ಗೊತ್ತು, ತೆಗೆಯುವ ಅಗತ್ಯವೇ ಇಲ್ಲ.

ಅಸೆಂಬ್ಲಿ ಇದ್ದರೆ?

ಇನ್‌ಲೈನ್ ಅಸೆಂಬ್ಲಿ ಪ್ರತಿ ಕಂಪೈಲರ್‌ನಲ್ಲೂ ಬೇರೆ. ಸುರಕ್ಷಿತ ಸಿ ಕೋಡ್‌ಗಾಗಿ ಇರುವ ನಿಯಮಾವಳಿ ಮಿಸ್ರಾ ಸಿ 2012ರ ಡೈರೆಕ್ಟಿವ್ 4.3 ಅಸೆಂಬ್ಲಿಯನ್ನು ಬೇರ್ಪಡಿಸಿ ಒಂದು ಕಡೆ ಮುಚ್ಚಿಡಬೇಕು ಅನ್ನುತ್ತದೆ. ಮಿಸ್ರಾ ಪಾಲಿಸದವರೂ ಈ ಒಂದನ್ನು ಪಾಲಿಸಿದರೆ ಟೂಲ್ ಕೆಲಸ ಸುಲಭ. ಅಸೆಂಬ್ಲಿಯನ್ನು ಚಿಕ್ಕ ಫಂಕ್ಷನ್‌ಗಳಲ್ಲಿ ಹಾಕಿ, ಅವನ್ನು ಒಂದೇ ಫೈಲ್‌ನಲ್ಲಿಡಿ. ಆ ಫೈಲನ್ನು ಅನಾಲಿಸಿಸ್‌ನಿಂದ ಹೊರಗಿಡಿ.

ಆದರೆ ಆ ಫಂಕ್ಷನ್‌ಗಳಿಗೆ ಅನಾಲಿಸಿಸ್‌ಗಾಗಿ ಸುಳ್ಳು ಬಾಡಿ ಬರೆಯಬೇಡಿ. ಉದಾಹರಣೆಗೆ, ಪ್ರೆಶರ್ ಓದುವ ಫಂಕ್ಷನ್‌ಗೆ 'ರಿಟರ್ನ್ 0' ಅಂತ ಬರೆದಿರಿ ಅನ್ನಿ. ಎರರ್ ಏನೋ ಹೋಯಿತು. ಈಗ ಟೂಲ್ ಪ್ರಕಾರ ಪ್ರೆಶರ್ ಯಾವಾಗಲೂ 0. ಪ್ರೆಶರ್ 210 ಬಾರ್ ದಾಟಿದರೆ ಪಂಪ್ ನಿಲ್ಲಿಸು ಅನ್ನುವ ಷರತ್ತು ಎಂದೂ ನಿಜವಾಗುವುದಿಲ್ಲ. ಆ ಬ್ಲಾಕ್ ಒಳಗಿನ ಕೋಡ್ ಎಷ್ಟೇ ಕೆಟ್ಟದಾಗಿರಲಿ, ಟೂಲ್ ತುಟಿ ಬಿಚ್ಚುವುದಿಲ್ಲ. ಯಂತ್ರದಲ್ಲಿ ಅತಿ ಮುಖ್ಯವಾದ ಕೋಡೇ ಅದು! ಹಾಗಾಗಿ ಡಿಕ್ಲರೇಶನ್ ಮಾತ್ರ ಕೊಡಿ, ಬಾಡಿ ಬೇಡ. ಬಾಡಿ ಕಾಣದಿದ್ದರೆ ಟೂಲ್ ಯಾವ ಬೆಲೆ ಬೇಕಾದರೂ ಬರಬಹುದು ಅಂದುಕೊಂಡು ಎರಡೂ ದಾರಿ ನೋಡುತ್ತದೆ.

ಹೆಜ್ಜೆ 5: ಸೈಜ್, ಅಂದರೆ ಸದ್ದಿಲ್ಲದ ತಪ್ಪು

ಇಲ್ಲಿಯವರೆಗಿನ ಬಹುತೇಕ ತೊಂದರೆಗಳು ಎರರ್ ಆಗಿ ಕಣ್ಣಿಗೆ ಬೀಳುತ್ತವೆ. ಇದು ಬೀಳುವುದಿಲ್ಲ. ಅದಕ್ಕೇ ಇದರ ಮೇಲೆ ಜಾಸ್ತಿ ಸಮಯ ಕೊಡಿ.

ಎವಿಆರ್ ಅನ್ನುವ 8 ಬಿಟ್ ಚಿಪ್ ಮೇಲಿನ ಪಂಪ್ ಸ್ಟಾರ್ಟರ್ ಒಂದನ್ನು ತೆಗೆದುಕೊಳ್ಳೋಣ. ಬೋರ್‌ವೆಲ್‌ನಲ್ಲಿ ನೀರಿಲ್ಲದೆ ಮೋಟಾರ್ ಒಣಗಿ ಓಡಿದರೆ ಸುಟ್ಟುಹೋಗುತ್ತದೆ. ಡ್ರೈ ರನ್ ಕಂಡ ಮೇಲೆ ಇಷ್ಟು ಸೆಕೆಂಡ್ ಕಾದು ಮೋಟಾರ್ ನಿಲ್ಲಿಸು ಅನ್ನುವ ಸೆಟ್ಟಿಂಗ್ ಇದೆ. ಸೆಕೆಂಡ್ ಅನ್ನುವುದು ಯುಇಂಟ್8_ಟಿ. ಮಿಲಿಸೆಕೆಂಡ್ ಮಾಡಲು ಅದನ್ನು 1000ದಿಂದ ಗುಣಿಸಿ, ಯುಇಂಟ್32_ಟಿ ವೇರಿಯಬಲ್‌ಗೆ ಹಾಕುತ್ತೇವೆ. ನೋಡಲು ಏನೂ ತೊಂದರೆ ಇಲ್ಲ. ಎಡಗಡೆ 32 ಬಿಟ್ ಜಾಗ ಇದೆ.

ಆದರೆ ಎವಿಆರ್‌ನಲ್ಲಿ ಇಂಟ್ 16 ಬಿಟ್. ಗುಣಾಕಾರ ನಡೆಯುವುದು ಇಂಟ್‌ನಲ್ಲಿ, ಗರಿಷ್ಠ 32767. 32 ಸೆಕೆಂಡ್‌ವರೆಗೆ ಸರಿ. 33 ಆದರೆ 33000, ದಾಟಿತು. 60 ಸೆಕೆಂಡ್ ಇಟ್ಟರೆ 60000 ಬರಬೇಕಾದಲ್ಲಿ ಸಾಮಾನ್ಯವಾಗಿ -5536 ಸಿಗುತ್ತದೆ. ಅದನ್ನು 32 ಬಿಟ್ ಅನ್‌ಸೈನ್ಡ್‌ಗೆ ಹಾಕಿದಾಗ 4294961760 ಮಿಲಿಸೆಕೆಂಡ್. ದಿನದ ಲೆಕ್ಕದಲ್ಲಿ 49ಕ್ಕಿಂತ ಜಾಸ್ತಿ. ಒಂದು ನಿಮಿಷಕ್ಕೆ ನಿಲ್ಲಬೇಕಾದ ಮೋಟಾರ್ ನಿಲ್ಲುವುದೇ ಇಲ್ಲ. ಟೇಬಲ್ ಮೇಲೆ 10 ಸೆಕೆಂಡ್ ಇಟ್ಟು ಟೆಸ್ಟ್ ಮಾಡಿದವರಿಗೆ ಇದು ಎಂದೂ ಕಾಣುವುದಿಲ್ಲ.

ಟೂಲ್‌ಗೆ ಚಿಪ್ ಯಾವುದು ಅಂತ ಹೇಳದಿದ್ದರೆ ಅದು ನಿಮ್ಮ ಪಿಸಿಯ ಅಳತೆ ಹಿಡಿಯುತ್ತದೆ. ಅಲ್ಲಿ ಇಂಟ್ 32 ಬಿಟ್, 60000 ಆರಾಮಾಗಿ ಹಿಡಿಸುತ್ತದೆ. ರಿಪೋರ್ಟ್ ಶುದ್ಧ! ಸಿಪಿಪಿಚೆಕ್‌ಗೆ --ಪ್ಲಾಟ್‌ಫಾರ್ಮ್=ಎವಿಆರ್8 ಅಂತ ಕೊಟ್ಟು ನೋಡಿ. ಸೆಕೆಂಡ್‌ನ ಬೆಲೆ 60 ಅನ್ನುವುದು ಕೋಡ್‌ನಲ್ಲಿ ಅದರ ಕಣ್ಣಿಗೆ ಬೀಳುವಂತಿದ್ದರೆ ಓವರ್‌ಫ್ಲೋ ಎಚ್ಚರಿಕೆ ಕೊಡಬಲ್ಲದು. ಪಿಐಸಿ8, ಪಿಐಸಿ16 ಮುಂತಾದವಕ್ಕೂ ಸಿದ್ಧ ಪ್ಲಾಟ್‌ಫಾರ್ಮ್ ಫೈಲ್‌ಗಳಿವೆ. ನಿಮ್ಮದು ಇಲ್ಲದಿದ್ದರೆ ಒಂದು ಎಕ್ಸ್‌ಎಂಎಲ್ ಫೈಲ್‌ನಲ್ಲಿ ಪ್ರತಿ ಟೈಪ್‌ನ ಅಳತೆ ಬರೆದುಕೊಡಬಹುದು. ಕ್ಲ್ಯಾಂಗ್‌ನಲ್ಲಿ --ಟಾರ್ಗೆಟ್ ಇದೇ ಕೆಲಸ ಮಾಡುತ್ತದೆ.

ಇಂಟ್ ಒಂದನ್ನೇ ನೋಡಿದರೆ ಸಾಲದು. ಎವಿಆರ್ ಜಿಸಿಸಿಯಲ್ಲಿ ಪಾಯಿಂಟರ್ 16 ಬಿಟ್, ಡಬಲ್ ಮಾಮೂಲಾಗಿ 32 ಬಿಟ್. ಆರ್ಮ್‌ನಲ್ಲಿ ಬರೀ 'ಚಾರ್' ಅಂದರೆ ಅನ್‌ಸೈನ್ಡ್, ಪಿಸಿಯ ಜಿಸಿಸಿಯಲ್ಲಿ ಸೈನ್ಡ್. ಹಾಗಾಗಿ ಚಾರ್ ವೇರಿಯಬಲ್‌ಗೆ -1 ಹಾಕಿ, ಆಮೇಲೆ 0ಗಿಂತ ಕಡಿಮೆಯಾ ಅಂತ ಕೇಳಿದರೆ ಪಿಸಿಯಲ್ಲಿ ಹೌದು, ಆರ್ಮ್‌ನಲ್ಲಿ ಇಲ್ಲ. ಬೇರ್ ಮೆಟಲ್ (ಆಪರೇಟಿಂಗ್ ಸಿಸ್ಟಮ್ ಇಲ್ಲದ) ಆರ್ಮ್ ಜಿಸಿಸಿ ಎನಮ್‌ಗಳನ್ನು ಸಾಧ್ಯವಾದಷ್ಟು ಚಿಕ್ಕದು ಮಾಡುತ್ತದೆ. ಈ ಎಲ್ಲವನ್ನೂ ಟೂಲ್‌ಗೆ ಬಾಯಿಬಿಟ್ಟು ಹೇಳಿ. ಅದು ಊಹಿಸಲಿ ಅಂತ ಬಿಡಬೇಡಿ.

ಸರಿಯಾಗಿ ಹೇಳಿದ್ದೀರಾ ಅಂತ ಪರೀಕ್ಷಿಸಲು ಒಂದು ಚಿಕ್ಕ ಸಿ ಫೈಲ್ ಬರೆಯಿರಿ. ಅದರಲ್ಲಿ ಸ್ಟ್ಯಾಟಿಕ್ ಅಸರ್ಟ್ ಸಾಲುಗಳು ಮಾತ್ರ: ಇಂಟ್ ಇಷ್ಟು ಬೈಟ್, ಪಾಯಿಂಟರ್ ಇಷ್ಟು, ಡಬಲ್ ಇಷ್ಟು, ಚಾರ್ ಸೈನ್ಡ್ ಅಥವಾ ಅನ್‌ಸೈನ್ಡ್, ನಿಮ್ಮ ಮುಖ್ಯ ಸ್ಟ್ರಕ್ಟ್ ಇಷ್ಟು. ಮೊದಲು ಅಸಲಿ ಕಂಪೈಲರ್‌ನಲ್ಲಿ ಪಾಸ್ ಮಾಡಿಸಿ. ನಂತರ ಅದೇ ಫೈಲ್ ಕ್ಲ್ಯಾಂಗ್-ಟೈಡಿಯಲ್ಲೂ ಪಾಸ್ ಆಗಬೇಕು. ಸಿ11 ಇಲ್ಲದ ಹಳೆ ಕಂಪೈಲರ್ ಆದರೆ, ಷರತ್ತು ಸುಳ್ಳಾದಾಗ ಅರೇ ಉದ್ದ -1 ಆಗುವ ಹಳೆ ಉಪಾಯ ಸಾಕು. ನನ್ನ ಮಟ್ಟಿಗೆ ಇಡೀ ಸೆಟಪ್‌ನಲ್ಲಿ ಅತಿ ಬೆಲೆಬಾಳುವ ಫೈಲ್ ಇದೇ. ಮಿಸ್ರಾ ಸಿ 2012ರ ಡೈರೆಕ್ಟಿವ್ 1.1 ಕೇಳುವುದೂ ಹೆಚ್ಚುಕಡಿಮೆ ಇದನ್ನೇ: ಕಂಪೈಲರ್ ಮೇಲೆ ನಿಂತಿರುವ ನಡವಳಿಕೆ ಏನೇನಿದೆಯೋ ಅದನ್ನು ತಿಳಿದು ಬರೆದಿಡಿ.

ಹೆಜ್ಜೆ 6: ಟೂಲ್ ನಿಜವಾಗಿ ಓದುತ್ತಿದೆಯಾ?

ಎರರ್ ಎಲ್ಲ ಹೋದ ಮೇಲೆ ಖುಷಿಪಡುವ ಮೊದಲು ಇದನ್ನು ಮಾಡಿ. ಸಿಪಿಪಿಚೆಕ್‌ಗೆ ಒಂದು ಫೈಲ್‌ನಲ್ಲಿ ಸಿಂಟ್ಯಾಕ್ಸ್ ಎರರ್ ಅಥವಾ ಗೊತ್ತಿಲ್ಲದ ಮ್ಯಾಕ್ರೋ ಎದುರಾದರೆ ಆ ಫೈಲ್‌ನ ಪರಿಶೀಲನೆ ಅಲ್ಲಿಗೇ ನಿಲ್ಲುತ್ತದೆ. ಬೇರೆ ಎಚ್ಚರಿಕೆ ಯಾವುದೂ ಬರುವುದಿಲ್ಲ. ಅದೊಂದು ಸಾಲನ್ನು ಸಪ್ರೆಸ್ ಮಾಡಿದವರಿಗೆ (ಮರೆಮಾಡಿದವರಿಗೆ) ಫೈಲ್ ಬಹಳ ಚೆನ್ನಾಗಿ ಕಾಣುತ್ತದೆ! ಸಿಂಟ್ಯಾಕ್ಸ್ ಎರರ್, ಅನ್‌ನೋನ್ ಮ್ಯಾಕ್ರೋ ಎರಡನ್ನೂ ಯಾವತ್ತೂ ಸಪ್ರೆಸ್ ಮಾಡಬೇಡಿ.

ಬೇಕೆಂದೇ ಒಂದು ತಪ್ಪು ನೆಡಿ. 8 ಜಾಗದ ಅರೇಯಲ್ಲಿ (ಇಂಡೆಕ್ಸ್ 0ಯಿಂದ 7ರವರೆಗೆ) ಇಂಡೆಕ್ಸ್ 8ಕ್ಕೆ ಬರೆಯುವ ಸಾಲು ಸಾಕು. ಅದನ್ನು ಮುಖ್ಯ ಫೈಲ್‌ಗಳ ಕೊನೆಯ ಫಂಕ್ಷನ್‌ನಲ್ಲಿ, ಐಎಸ್‌ಆರ್ ಒಳಗೆ, ತ್ರೀ ಫೇಸ್ ಬೋರ್ಡ್‌ನ ಇಫ್‌ಡೆಫ್ ಒಳಗೆ ಇಟ್ಟು ಓಡಿಸಿ. ಟೂಲ್ ಹಿಡಿಯದಿದ್ದರೆ ಅಲ್ಲಿಗೆ ಅದು ತಲುಪಿಲ್ಲ, ಹಿಂದಿನ ಹೆಜ್ಜೆಗಳಿಗೆ ಮರಳಿ. ಹಿಡಿದರೆ ಸಾಲು ತೆಗೆದುಬಿಡಿ. ಈ ಕೆಲಸಕ್ಕೆ ಬೇರೆ ಬ್ರಾಂಚ್ ಮಾಡಿಕೊಂಡರೆ ನೆಟ್ಟ ತಪ್ಪು ಬೋರ್ಡ್‌ಗೆ ಹೋಗುವ ಭಯ ಇರುವುದಿಲ್ಲ.

ಅನುಮಾನ ಉಳಿದರೆ ಪ್ರೀಪ್ರೊಸೆಸರ್ ಔಟ್‌ಪುಟ್ ಹೋಲಿಸಿ. ಒಂದೇ ಫೈಲನ್ನು ಅಸಲಿ ಕಂಪೈಲರ್ ಮತ್ತು ಕ್ಲ್ಯಾಂಗ್ ಎರಡರಲ್ಲೂ -ಇ ಕೊಟ್ಟು ತೆಗೆದು, ನಿಮ್ಮ ಸ್ವಂತ ಕೋಡ್ ಇರುವ ಭಾಗವನ್ನು ಪಕ್ಕಪಕ್ಕ ಇಡಿ. ಒಂದರಲ್ಲಿ ಇರುವ ಫಂಕ್ಷನ್ ಇನ್ನೊಂದರಲ್ಲಿ ಇಲ್ಲದಿದ್ದರೆ ಯಾವುದೋ ಮ್ಯಾಕ್ರೋ ತಪ್ಪಿದೆ.

ಹಣ ಕೊಟ್ಟು ಕೊಳ್ಳುವ ಟೂಲ್‌ಗಳ ಬಗ್ಗೆ

ಅವುಗಳಲ್ಲಿ ಈ ಕೆಲಸದ ದೊಡ್ಡ ಭಾಗ ಸಿದ್ಧವಾಗಿ ಸಿಗುತ್ತದೆ. ಕವೆರಿಟಿ ಬಿಲ್ಡ್ ನಡೆಯುವಾಗಲೇ ಕಂಪೈಲರ್ ಕಮಾಂಡ್‌ಗಳನ್ನು ಹಿಡಿದುಕೊಳ್ಳುತ್ತದೆ. ಪಾಲಿಸ್ಪೇಸ್‌ನಲ್ಲಿ ಕಂಪೈಲರ್ ಮತ್ತು ಟಾರ್ಗೆಟ್ ಎರಡನ್ನೂ ಹೆಸರು ಹೇಳಿ ಆರಿಸಬಹುದು. ಪಿಸಿ-ಲಿಂಟ್ ಪ್ಲಸ್ ಜೊತೆ ಕಂಪೈಲರ್‌ನ ವಿವರ ಕೇಳಿ ಕಾನ್ಫಿಗರೇಶನ್ ಬರೆದುಕೊಡುವ ಪೈಥಾನ್ ಸ್ಕ್ರಿಪ್ಟ್ ಬರುತ್ತದೆ. ಚಿಕ್ಕ ಘಟಕಗಳಿಗೆ ಇವುಗಳ ಬೆಲೆ ಭಾರ. ಸಿಪಿಪಿಚೆಕ್ ಮತ್ತು ಕ್ಲ್ಯಾಂಗ್-ಟೈಡಿ ಎರಡನ್ನೂ ಸರಿಯಾಗಿ ಹೊಂದಿಸಿಕೊಂಡರೆ ಬಹಳ ದೂರ ಹೋಗಬಹುದು. ಸಿಪಿಪಿಚೆಕ್‌ಗೆ ಮಿಸ್ರಾ ಆಡ್‌ಆನ್ ಕೂಡ ಇದೆ. ನಿಯಮಗಳ ಪಠ್ಯ ಮಾತ್ರ ಜೊತೆಗೆ ಬರುವುದಿಲ್ಲ, ಅದನ್ನು ಮಿಸ್ರಾದಿಂದ ಪಡೆಯಬೇಕು. ಕೊಂಡ ಟೂಲ್ ಆದರೂ ಹೆಜ್ಜೆ 6 ತಪ್ಪಿಸಬೇಡಿ.

ಹೆಜ್ಜೆ 7: ಕೆಡದಂತೆ ಇಟ್ಟುಕೊಳ್ಳುವುದು

ಸ್ಟಬ್ ಹೆಡರ್, ಪ್ಲಾಟ್‌ಫಾರ್ಮ್ ಫೈಲ್, ಮ್ಯಾಕ್ರೋ ಪಟ್ಟಿ, ಅಸರ್ಟ್ ಫೈಲ್ ಎಲ್ಲವನ್ನೂ ಕೋಡ್ ಜೊತೆ ಗಿಟ್‌ನಲ್ಲೇ ಇಡಿ. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಉಳಿದರೆ, ಅವರು ಕೆಲಸ ಬಿಟ್ಟು ಪುಣೆಗೆ ಹೋದ ದಿನ ಅನಾಲಿಸಿಸ್ ಕೂಡ ಹೋಯಿತು.

ಚಿಪ್ ಕಂಪನಿ ಕೊಟ್ಟ ಡ್ರೈವರ್ ಕೋಡ್‌ನ ಎಚ್ಚರಿಕೆಗಳನ್ನು ಫೋಲ್ಡರ್ ಲೆಕ್ಕದಲ್ಲಿ ಮರೆಮಾಡಬಹುದು. ನಿಮ್ಮ ಕೋಡ್‌ಗೆ ಹಾಗೆ ಮಾಡಬೇಡಿ. ಅಲ್ಲಿ ಸಪ್ರೆಸ್ ಮಾಡಲೇಬೇಕಾದರೆ ಆ ಒಂದು ಸಾಲಿಗೆ, ಆ ಒಂದು ಎಚ್ಚರಿಕೆಗೆ ಮಾತ್ರ, ಪಕ್ಕದಲ್ಲಿ ಕಾರಣ ಬರೆದು ಮಾಡಿ. ಹಳೆ ಪ್ರಾಜೆಕ್ಟ್‌ನಲ್ಲಿ ನೂರಾರು ಎಚ್ಚರಿಕೆ ಇದ್ದರೆ ಅವನ್ನು ಒಂದು ಪಟ್ಟಿಯಾಗಿ ಉಳಿಸಿಕೊಂಡು, ಹೊಸದಾಗಿ ಬರುವವನ್ನು ತಡೆಯಿರಿ. ಸಿಪಿಪಿಚೆಕ್‌ಗೆ --ಎರರ್-ಎಕ್ಸಿಟ್‌ಕೋಡ್=1 ಕೊಟ್ಟರೆ ತಪ್ಪು ಕಂಡಾಗ ಬಿಲ್ಡ್ ತಾನಾಗಿಯೇ ನಿಲ್ಲುತ್ತದೆ.

ಕಂಪೈಲರ್ ವರ್ಷನ್ ಬದಲಿಸಿದ ದಿನ ಮ್ಯಾಕ್ರೋ ಪಟ್ಟಿಯನ್ನು ಮತ್ತೆ ತೆಗೆದು ಹಳೆಯದರ ಜೊತೆ ಡಿಫ್ ಮಾಡಿ. ಆರ್ಮ್ ಕಂಪೈಲರ್ 5ರಿಂದ 6ಕ್ಕೆ ಹೋಗುವವರು ಆಗಲೇ ಸ್ಟಬ್ ಹೆಡರ್‌ನಿಂದ ಆರ್ಮ್‌ಸಿಸಿಯ ಕೀವರ್ಡ್‌ಗಳನ್ನು ಅಳಿಸಿಬಿಡಿ. ಆ ಮೇಲೆ ಎರರ್ ಬಂದ ಪ್ರತಿ ಫೈಲ್‌ನಲ್ಲೂ ಹಳೆ ಬರಹ ಉಳಿದುಕೊಂಡಿದೆ ಅಂತ ಅರ್ಥ. ಅದನ್ನು ಕೋಡ್‌ನಲ್ಲೇ ಸರಿಮಾಡಿ, ಅಸರ್ಟ್ ಫೈಲನ್ನು ಎರಡೂ ಕಡೆ ಮತ್ತೊಮ್ಮೆ ಓಡಿಸಿ.